ಬಿಲದ ಕಣಜವೂ ಕಡಲಿನ ಕಿಡಿಯೂ



ಸುಗ್ಗಿಯ ಕಾಲವು ಸಮೀಪಿಸಿದಾಗ ನಮ್ಮ ಹಳ್ಳಿಗಳಲ್ಲಿ ಎರಡು ವಿಧವಾದ ಮಾತುಗಳು ಕೇಳಬರುತ್ತವೆ. ಒಬ್ಬನು, ಈ ವರುಷ ನನ್ನ ಕಣಜವು ತುಂಬೀತೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾನೆ. ಇನ್ನೊಬ್ಬನು, ನನಗೆ ಗದ್ದೆಯೂ ಇಲ್ಲ, ಕಣಜವೂ ಇಲ್ಲ, ನಾನು ಕೊಡತಕ್ಕದ್ದೇನು ಎಂದು ನಿಟ್ಟುಸಿರು ಬಿಡುತ್ತಾನೆ. ಮೊದಲನೆಯವನು ತನ್ನಲ್ಲಿ ಇರುವದನ್ನು ಕುರಿತು ಚಿಂತಿಸುತ್ತಾನೆ. ಎರಡನೆಯವನು ತನ್ನಲ್ಲಿ ಇಲ್ಲದ್ದನ್ನು ಕುರಿತು ಚಿಂತಿಸುತ್ತಾನೆ. ಇಬ್ಬರ ಚಿಂತೆಯೂ ಒಂದೇ ಕಡೆಗೆ ಹೋಗಿ ನಿಲ್ಲುತ್ತದೆ. ಅದೇನಂದರೆ, ಇಬ್ಬರೂ ಬಾಗಲನ್ನು ಮುಚ್ಚಿಕೊಂಡು ಮನೆಯೊಳಗೆ ಕೂತುಕೊಳ್ಳುತ್ತಾರೆ.

ಈ ಇಬ್ಬರಿಗೂ ಬುದ್ಧಿ ಹೇಳುವದಕ್ಕೆ ನಾವು ಈ ತಿಂಗಳು ಎರಡು ಅಲ್ಪ ಪ್ರಾಣಿಗಳನ್ನು ನಿಮ್ಮ ಮುಂದೆ ನಿಲ್ಲಿಸುತ್ತೇವೆ. ಇದನ್ನು ನೋಡಿ ಯಾರೂ ನಗಬಾರದು. ಯಾಕಂದರೆ ಯೋಬನು ತನ್ನ ಸ್ನೇಹಿತರ ಸಂಗಡ ವಾದಿಸಿದಾಗ, ಮೃಗಗಳ ಬಳಿಗೂ ಪಕ್ಷಿಗಳ ಬಳಿಗೂ ಕಡಲಿನ ಮೀನುಗಳ ಬಳಿಗೂ ಹೋಗಿ ಕಲಿತುಕೊಳ್ಳುವದಕ್ಕೆ ಅವರನ್ನು ಕಳುಹಿಸಿದನು. ಜ್ಞಾನೋಕ್ತಿಗಳ ೩೦ನೆಯ ಅಧ್ಯಾಯದಲ್ಲಿಯೂ ಇರುವೆ, ಮಿಡತೆ, ಹಲ್ಲಿ ಮೊದಲಾದ ಚಿಕ್ಕ ಜೀವಿಗಳು ಮನುಷ್ಯನಿಗೆ ಉಪಾಧ್ಯಾಯರಾಗಿ ಇಡಲ್ಪಟ್ಟಿವೆ. ಇರುವೆಯಿಂದ ಕಲಿಯುವದಕ್ಕೆ ನಾಚಿಕೆ ಇಲ್ಲದಿದ್ದರೆ, ನಮ್ಮ ಗದ್ದೆಯ ಬದುವಿನೊಳಗೆ ವಾಸಿಸುವ ಹೆಗ್ಗಣದಿಂದಲೂ ನಮ್ಮ ಪಡುಗಡಲಿನಲ್ಲಿ ತೇಲುವ ಒಂದು ಕಿಡಿಯಿಂದಲೂ ಕಲಿಯುವದಕ್ಕೆ ನಾಚಿಕೆ ಯಾಕೆ?

ಮೊದಲು ಹೆಗ್ಗಣವನ್ನು ನೋಡೋಣ. ಹೆಗ್ಗಣಗಳಲ್ಲಿ ಎರಡು ಮೂರು ಜಾತಿಗಳುಂಟು. ಮನೆಯ ಸಂದಿಯಲ್ಲಿಯೂ ಚರಂಡಿಯಲ್ಲಿಯೂ ತಿರುಗುವ ದೊಡ್ಡದನ್ನು ಬಿಟ್ಟು, ಗದ್ದೆಯಲ್ಲಿ ಬಿಲ ತೋಡುವ ಚಿಕ್ಕದನ್ನು ನಾವು ಇಲ್ಲಿ ಹೇಳುತ್ತೇವೆ. ಶಾಸ್ತ್ರಜ್ಞರು ಇದಕ್ಕೆ ಬ್ಯಾಂಡಿಕೋಟ ಬೆಂಗಾಲೆನ್ಸಿಸ್ ಎಂದು ಹೆಸರಿಟ್ಟಿದ್ದಾರೆ. ಈ ಬ್ಯಾಂಡಿಕೂಟ್ ಎಂಬ ಇಂಗ್ಲಿಷ್ ಮಾತು ನಮ್ಮ ನೆರೆಯ ತೆಲುಗಿನವರ ಪಂದಿಕೊಕ್ಕು ಎಂಬ ಮಾತಿನಿಂದ ಹುಟ್ಟಿದ್ದು. ಹಂದಿಯಂಥ ಇಲಿ ಎಂದು ಅದರ ಅರ್ಥ. ಕೋಪಗೊಂಡಾಗ ಅದು ಹಂದಿಯ ಹಾಗೆ ಗುರುಗುಟ್ಟುವದನ್ನು ಕೇಳಿದವರಿಗೆ ಈ ಹೆಸರು ತಕ್ಕದ್ದೆಂದು ತೋರುವದು. ಅದರ ತೂಕವು ಸಾಧಾರಣವಾಗಿ ಕಾಲು ಕಿಲೋಗ್ರಾಮಿನ ಆಸುಪಾಸು. ಮುಂದಿನ ಹಲ್ಲುಗಳು ಆಯುಸ್ಸಿರುವ ತನಕ ಬೆಳೆಯುತ್ತಲೇ ಇರುವದರಿಂದ ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ಮುಂಗಾಲುಗಳಿಂದಲೂ ಹಲ್ಲುಗಳಿಂದಲೂ ಮಣ್ಣನ್ನು ಅಗೆದು, ಹೊರಗೆ ತಳ್ಳಿ, ಬದುವಿನ ಮೇಲೆ ಗುಪ್ಪೆ ಹಾಕುತ್ತದೆ. ನೀರೆಂದರೆ ಅದಕ್ಕೆ ಹೆದರಿಕೆ ಇಲ್ಲ, ಚೆನ್ನಾಗಿ ಈಜಬಲ್ಲದು. ಆದದರಿಂದಲೇ ಭತ್ತದ ಗದ್ದೆಯು ಅದಕ್ಕೆ ಇಷ್ಟವಾದ ಸ್ಥಳ.

ಅದರ ಬಿಲವನ್ನು ಅಗೆದು ನೋಡಿದ ರೈತನು ಆಶ್ಚರ್ಯಪಡದೆ ಇರಲಾರನು. ಅದರಲ್ಲಿ ಹಾದಿಗಳುಂಟು, ಮಲಗುವ ಕೋಣೆಯುಂಟು, ಹಾವು ಬಂದರೆ ಓಡಿಹೋಗುವದಕ್ಕೆ ಬೇರೆ ಬಾಗಲುಂಟು; ಇವೆಲ್ಲವುಗಳ ಸಂಗಡ ಧಾನ್ಯವನ್ನು ಕೂಡಿಡುವ ಕಣಜದ ಕೋಣೆಗಳೂ ಉಂಟು. ತೆನೆಯು ಬಲಿತು ಬಂದಾಗ ಅದು ರಾತ್ರಿಯಲ್ಲಿ ಹೊರಟು, ಪೈರನ್ನು ಕಡಿದು, ತೆನೆಗಳನ್ನು ಎಳೆದುಕೊಂಡು ಹೋಗಿ ನೆಲದಡಿಯಲ್ಲಿ ರಾಶಿ ಹಾಕುತ್ತದೆ. ತಿನ್ನುವದಕ್ಕಿಂತ ಹೆಚ್ಚಾಗಿ ಸಾಗಿಸುವದು ಅದರ ಸ್ವಭಾವ. ತಾನು ಒಳಗಿರುವಾಗ ಬಿಲದ ಬಾಯಿಯನ್ನು ಮಣ್ಣಿನಿಂದ ಮುಚ್ಚಿಬಿಡುತ್ತದೆ. ತಾಯಿಯೂ ಮರಿಗಳೂ ಇರುವ ಬಿಲವನ್ನು ಬಿಟ್ಟರೆ, ಸಾಧಾರಣವಾಗಿ ಒಂದು ಬಿಲದಲ್ಲಿ ಒಂದೇ ಹೆಗ್ಗಣವು ವಾಸಿಸುತ್ತದೆ. ಇನ್ನೊಂದು ಹತ್ತರ ಬಂದರೆ ಗುರುಗುಟ್ಟಿ ಮೇಲೆ ಬೀಳುತ್ತದೆ. ಇಷ್ಟು ದೊಡ್ಡ ಮನೆ, ಇಷ್ಟು ತುಂಬಿದ ಕಣಜ, ಆದರೆ ಒಳಗೆ ಒಂದೇ ಪ್ರಾಣಿ, ಬಾಗಲು ಮುಚ್ಚಿದೆ.

ಈಗ ಕಡಲಿಗೆ ಇಳಿಯೋಣ. ಘಟ್ಟದ ಮೇಲಣ ನಮ್ಮ ಓದುಗರಲ್ಲಿ ಅನೇಕರು ಸಮುದ್ರವನ್ನು ನೋಡದೆ ಇರಬಹುದು. ಕರಾವಳಿಯವರಿಗಾದರೋ ಅದು ಅಂಗಳದಂತೆ ಪರಿಚಯವಾದದ್ದು. ೨೦೨೦ನೆಯ ವರುಷದ ನವೆಂಬರ್ ತಿಂಗಳಲ್ಲಿ ಉಡುಪಿ ಮಂಗಳೂರುಗಳ ಕಡೆಯ ಸಮುದ್ರತೀರದಲ್ಲಿ ರಾತ್ರಿಯ ಹೊತ್ತು ತೆರೆಗಳು ನೀಲಿಯ ಬೆಳಕಿನಿಂದ ಹೊಳೆದವು. ತೆರೆಯು ಮುರಿದಲ್ಲೆಲ್ಲಾ ಬೆಳಕು ಚೆಲ್ಲಿದಂತಾಯಿತು. ನೋಡುವದಕ್ಕೆ ಜನರು ಗುಂಪುಗುಂಪಾಗಿ ಬಂದರು. ಅದಕ್ಕೆ ಹಿಂದಿನ ವರುಷದ ಆಗಸ್ಟಿನಲ್ಲಿ ಚೆನ್ನೈಯ ತೀರದಲ್ಲಿಯೂ ಹಾಗೆಯೇ ಆಗಿತ್ತು. ಇದು ಹೊಸ ಸಂಗತಿಯಲ್ಲ. ಕಡಲು ರಾತ್ರಿಯಲ್ಲಿ ಹೊಳೆಯುವದನ್ನು ನಾವಿಕರು ಬಹು ಕಾಲದಿಂದ ನೋಡಿದ್ದರು. ಆದರೆ ಕಾರಣವನ್ನು ತಿಳಿಯದೆ ಇದ್ದರು. ಸಿಡಿಲಿನ ವಿಷಯವಾಗಿ ಪ್ರಸಿದ್ಧವಾದ ಶೋಧನೆಗಳನ್ನು ಮಾಡಿದ ಅಮೇರಿಕದ ಬೆಂಜಮಿನ್ ಫ್ರಾಂಕ್ಲಿನನು ಕೂಡ, ನೀರೂ ಉಪ್ಪೂ ಒಂದಕ್ಕೊಂದು ಉಜ್ಜುವದರಿಂದ ವಿದ್ಯುತ್ತು ಹುಟ್ಟಿ ಹೀಗೆ ಹೊಳೆಯುವದೇನೋ ಎಂದು ಮೊದಲು ಎಣಿಸಿ, ತರುವಾಯ ಆ ಅಭಿಪ್ರಾಯವನ್ನು ಬಿಟ್ಟುಬಿಟ್ಟನು. ಇಷ್ಟು ದೊಡ್ಡ ಬೆಳಕಿಗೆ ದೊಡ್ಡದೊಂದು ಕಾರಣವಿರಬೇಕೆಂದು ಮನುಷ್ಯರು ಹುಡುಕಿದರು. ಕಾರಣವಾದರೋ ಬಹು ಚಿಕ್ಕದಾಗಿತ್ತು.

೧೮೧೦ನೆಯ ವರುಷದಲ್ಲಿ ಐರ್ಲೆಂಡಿನ ಜೇಮ್ಸ್ ಮಕಾರ್ಟ್ನಿ ಎಂಬ ಶರೀರಶಾಸ್ತ್ರಜ್ಞನು ಹೀಗೆ ಹೊಳೆಯುವ ಒಂದು ಜೀವಿಯನ್ನು ವರ್ಣಿಸಿದನು. ಈಗ ಅದಕ್ಕೆ ನಾಕ್ಟಿಲೂಕ ಸಿಂಟಿಲಾನ್ಸ್ ಎಂಬ ಲತೀನ್ ಹೆಸರು. ಮಿನುಗುವ ಇರುಳುದೀಪ ಎಂದು ಹೇಳಿದರೆ ಸರಿಯಾಗುವದು. ಎಲ್ಲಾ ಪ್ರಾಣಿಗಳ ಶರೀರವು ಜೀವಕೋಶಗಳೆಂಬ ಅತಿ ಸೂಕ್ಷ್ಮವಾದ ಕೋಣೆಗಳಿಂದ ಕಟ್ಟಲ್ಪಟ್ಟಿದೆ; ಮನೆಯು ಇಟ್ಟಿಗೆಗಳಿಂದ ಕಟ್ಟಲ್ಪಟ್ಟಂತೆ. ಹೆಗ್ಗಣದ ಮೈಯಲ್ಲಿ ಇಂಥ ಇಟ್ಟಿಗೆಗಳು ಕೋಟ್ಯಾನುಕೋಟಿ. ಕಣ್ಣಿಗೆ ಬೇರೆ, ಹಲ್ಲಿಗೆ ಬೇರೆ, ರಕ್ತಕ್ಕೆ ಬೇರೆ. ಈ ಇರುಳುದೀಪಕ್ಕಾದರೋ ಇರುವದು ಒಂದೇ ಇಟ್ಟಿಗೆ. ಅದೇ ಅದರ ಬಾಯಿ, ಅದೇ ಹೊಟ್ಟೆ, ಅದೇ ದೀಪ. ಬೇಯಿಸಿದ ಸಾಬಕ್ಕಿಯ ಕಾಳಿನ ಹಾಗೆ ದುಂಡಾಗಿ ತಿಳಿಯಾಗಿರುತ್ತದೆ. ಆದರೆ ಅದಕ್ಕಿಂತ ಎಷ್ಟೋ ಚಿಕ್ಕದು. ಹೆಚ್ಚಿನವು ಅರ್ಧ ಮಿಲಿಮೀಟರಿನಷ್ಟು. ದೊಡ್ಡವು ಎರಡು ಮಿಲಿಮೀಟರಿನ ತನಕ ಬೆಳೆಯುವವು. ಒಂದು ಹೆಗ್ಗಣದ ತೂಕಕ್ಕೆ ಸರಿಗಟ್ಟಬೇಕಾದರೆ ಇಂಥವು ಲಕ್ಷಗಟ್ಟಲೆ ಕೂಡಬೇಕು. ಬಾಲದಂಥ ಒಂದು ಎಳೆಯು ಇದ್ದರೂ ಅದರಿಂದ ದೂರ ಈಜಲಾರದು. ನೀರು ಒಯ್ದಲ್ಲಿಗೆ ತೇಲಿಕೊಂಡು ಹೋಗುತ್ತದೆ. ಅದಕ್ಕೆ ಬಿಲವಿಲ್ಲ, ಬಾಗಲಿಲ್ಲ, ನಾಳೆಗೆಂದು ತುಂಬಿಸಿಡುವ ಕಣಜವಿಲ್ಲ.

ಆದರೂ ಅದರಲ್ಲಿ ಎರಡು ವಿಶೇಷಗಳುಂಟು. ಒಂದು ಅದರ ಬೆಳಕು. ಅದರ ಒಂದೇ ಕೋಶದೊಳಗೆ ಬೆಳಕಿನ ಸಾವಿರಾರು ಚಿಕ್ಕ ಬಿಂದುಗಳಿವೆ. ತೆರೆಯು ಹೊಡೆದಾಗಲಾಗಲಿ, ದೋಣಿಯ ಹುಟ್ಟು ತಾಗಿದಾಗಲಾಗಲಿ, ಮೀನು ಹಾದುಹೋದಾಗಲಾಗಲಿ, ಆ ಬಿಂದುಗಳಲ್ಲಿ ಹುಳಿಯಂಥ ಆಮ್ಲವು ಹೆಚ್ಚಿ, ಅದರಿಂದ ನೀಲಿಯ ಬೆಳಕು ಹೊರಡುತ್ತದೆ. ಆ ಬೆಳಕಿಗೆ ಬಿಸಿ ಇಲ್ಲ. ಅದು ಇರುವದು ಒಂದು ಸೆಕೆಂಡಿನ ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಎರಡನೆಯದು ಅದರ ಅತಿಥಿಗಳು. ನಮ್ಮ ಅರಬಿ ಸಮುದ್ರದಲ್ಲಿ ಸಿಕ್ಕುವ ಹಸುರು ಬಗೆಯ ಇರುಳುದೀಪದೊಳಗೆ, ಅದಕ್ಕಿಂತಲೂ ಎಷ್ಟೋ ಸೂಕ್ಷ್ಮವಾದ ಬೇರೆ ಜಾತಿಯ ಹಸುರು ಜೀವಿಗಳು ಸಾವಿರಾರು ಸಂಖ್ಯೆಯಲ್ಲಿ ವಾಸಿಸುತ್ತವೆ. ಅವು ಅದರೊಳಗೆ ಸ್ವತಂತ್ರವಾಗಿ ಓಡಾಡುತ್ತವೆ. ಗಿಡದ ಎಲೆಯು ಮಾಡುವ ಹಾಗೆ ಬಿಸಿಲಿನಿಂದ ಆಹಾರವನ್ನು ಮಾಡಿ, ತಮಗೆ ಸ್ಥಳ ಕೊಟ್ಟ ಮನೆಗೂ ಉಣಿಸುತ್ತವೆ. ಮನೆಯು ಅತಿಥಿಗಳನ್ನು ಕಾಯುತ್ತದೆ, ಅತಿಥಿಗಳು ಮನೆಯನ್ನು ಸಾಕುತ್ತಾರೆ. ಹೊರಗೆ ಬೇಟೆ ಸಿಕ್ಕದಿದ್ದರೂ ಆ ಮನೆಯು ಬಹು ದಿನ ಬದುಕಬಲ್ಲದು.

ಈ ಎರಡು ಪ್ರಾಣಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ನಮಗೆ ನಾಲ್ಕು ಪಾಠಗಳು ದೊರೆಯುತ್ತವೆ.

ಮೊದಲನೆಯದಾಗಿ, ಒಂದನ್ನು ಹೊಗಳುವದಕ್ಕಾಗಿ ಇನ್ನೊಂದನ್ನು ತೆಗಳಬಾರದು. ಹೆಗ್ಗಣವು ಪಾಪಿಯೆಂದು ನಾವು ಹೇಳುವದಿಲ್ಲ. ಅದು ತನಗೆ ಕೊಡಲ್ಪಟ್ಟ ಸ್ವಭಾವದ ಪ್ರಕಾರ ನಡೆಯುತ್ತದೆ. ಸುಮಾರು ಮೂರು ವಾರಗಳ ಬಸುರನ್ನು ಹೊತ್ತು, ಕಣ್ಣು ತೆರೆಯದ ಮರಿಗಳನ್ನು ಈದು, ಎದೆಹಾಲು ಕುಡಿಸಿ ಬೆಳಿಸುತ್ತದೆ. ಇರುಳುದೀಪಕ್ಕೆ ತಾಯಿಯೂ ಇಲ್ಲ, ಮರಿಯೂ ಇಲ್ಲ; ಸಾಧಾರಣವಾಗಿ ಅದು ಒಂದು ಎರಡಾಗಿ ಸೀಳಿಕೊಂಡೇ ಹೆಚ್ಚುತ್ತದೆ. ತಾಯಿಯ ಮಮತೆ ಏನೆಂಬದನ್ನು ಕೇಳಬೇಕಾದರೆ ಕಡಲಿಗೆ ಹೋಗದೆ ಬಿಲಕ್ಕೇ ಹೋಗಬೇಕು. ಹಾಗೆಯೇ ಇರುಳುದೀಪವು ಬರೀ ಸಾಧುವೆಂದು ಹೇಳಿದರೆ ಅದೂ ಸುಳ್ಳಾಗುವದು. ಅದು ಸಮುದ್ರದ ಸೂಕ್ಷ್ಮ ಜೀವಿಗಳನ್ನೂ ಮೀನಿನ ತತ್ತಿಗಳನ್ನೂ ನುಂಗುತ್ತದೆ. ಎರಡನ್ನೂ ನಿರ್ಮಿಸಿದಾತನು ಒಬ್ಬನೇ. ಹೀಗಿರಲಾಗಿ, ಇಂಥವನು ದೊಡ್ಡವನು ಇಂಥವನು ಚಿಕ್ಕವನು, ಇವನ ಕುಲ ಮೇಲು ಅವನ ಕುಲ ಕೀಳು ಎಂದು ಅಳೆಯುವ ಕೋಲನ್ನು ನಾವು ದೇವರ ಮನೆಯೊಳಗೆ ತರುವದು ಯಾವ ನ್ಯಾಯ? ಆ ಕೋಲಿನಿಂದಲೇ ಪೆಟ್ಟು ತಿಂದವರ ಮಕ್ಕಳು ನಮ್ಮ ಸಭೆಗಳಲ್ಲಿ ಬಹು ಮಂದಿ ಇದ್ದಾರೆ. ಅವರು ಅದನ್ನು ಕೈಯಲ್ಲಿ ಹಿಡಿದು ಇನ್ನೊಬ್ಬರನ್ನು ಅಳೆಯುವದಂತೂ ಎಂದಿಗೂ ತಕ್ಕದ್ದಲ್ಲ.

ಎರಡನೆಯದಾಗಿ, ಕೂಡಿಡುವದೇ ದೋಷವಲ್ಲ. ಬಾಗಲನ್ನು ಮುಚ್ಚಿ ತೆರೆಯದೆ ಇರುವದು ದೋಷ. ಆದಿಕಾಂಡದಲ್ಲಿ ಯೋಸೇಫನ ಚರಿತ್ರೆಯನ್ನು ನೀವು ಓದಿದ್ದೀರಿ. ಐಗುಪ್ತದೇಶದಲ್ಲಿ ಏಳು ವರುಷ ಸುಭಿಕ್ಷವಾದಾಗ ಅವನು ಧಾನ್ಯವನ್ನು ಕೂಡಿಸಿಟ್ಟನು. ಯಾವ ಹೆಗ್ಗಣವೂ ಕೂಡಿಸಲಾರದಷ್ಟು ಕೂಡಿಸಿದನು. ಆದರೆ ಬರಗಾಲವು ಬಂದಾಗ ಕಣಜಗಳನ್ನು ತೆರೆಸಿದನು. ತನ್ನನ್ನು ಮಾರಿದ ಅಣ್ಣಂದಿರ ಚೀಲಗಳನ್ನು ಸಹ ತುಂಬಿಸಿದನು. ಲೂಕನ ಸುವಾರ್ತೆಯ ೧೨ನೆಯ ಅಧ್ಯಾಯದಲ್ಲಿ ನಮ್ಮ ಕರ್ತನು ಹೇಳಿದ ಐಶ್ವರ್ಯವಂತನಾದರೋ ಇದಕ್ಕೆ ವಿರೋಧವಾಗಿ ನಡೆದನು. ಅವನ ಭೂಮಿಯು ಚೆನ್ನಾಗಿ ಬೆಳೆಯಿತು. ಅವನು ಹಳೆಯ ಕಣಜಗಳನ್ನು ಕೆಡವಿ ದೊಡ್ಡವುಗಳನ್ನು ಕಟ್ಟುವದಕ್ಕೆ ಆಲೋಚಿಸಿದನು. ಆ ಆಲೋಚನೆಯಲ್ಲಿ ನೆರೆಯವನ ಹೆಸರು ಒಂದು ಸಾರಿಯಾದರೂ ಬರಲಿಲ್ಲ. ಅದೇ ರಾತ್ರಿ ಅವನ ಪ್ರಾಣವು ಕೇಳಲ್ಪಟ್ಟಿತು. ಕೂಡಿಟ್ಟದ್ದು ಯಾರ ಪಾಲಾಯಿತೋ ಅವನಿಗೆ ತಿಳಿಯಲಿಲ್ಲ.

ಹೆಗ್ಗಣದ ಕಣಜವು ಯಾರ ಪಾಲಾಗುವದೆಂಬದು ನಮಗೆ ತಿಳಿದದೆ. ಕೊಯ್ಲಾದ ಮೇಲೆ ತಮಿಳುನಾಡಿನ ಇರುಳರು ಮೊದಲಾದ ಬಡಜನರು ಗದ್ದೆಗಳಲ್ಲಿ ಇಲಿ ಹೆಗ್ಗಣಗಳ ಬಿಲಗಳನ್ನು ಹುಡುಕಿ, ಅಗೆದು, ಅದರಲ್ಲಿ ಸಿಕ್ಕಿದ ಭತ್ತವನ್ನು ತೊಳೆದು, ಒಣಗಿಸಿ, ಕುಟ್ಟಿ ಗಂಜಿ ಮಾಡಿಕೊಂಡದ್ದುಂಟು. ಯಾಜಕಕಾಂಡದಲ್ಲಿ ಹೊಲದ ಅಂಚಿನ ಪೈರನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡತಕ್ಕದ್ದೆಂದು ನೇಮಿಸಲ್ಪಟ್ಟಿತು. ಆ ನೇಮದಿಂದಲೇ ವಿಧವೆಯಾದ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದು ತನ್ನ ಅತ್ತೆಯನ್ನು ಸಾಕಿದಳು. ಸಹೋದರರೇ, ಇದನ್ನು ಕುರಿತು ಸ್ವಲ್ಪ ಆಲೋಚಿಸಿರಿ. ಹೊಲದ ಯಜಮಾನನು ತೆರೆದ ಮನಸ್ಸಿನಿಂದ ಅಂಚಿನ ಪೈರನ್ನು ಬಿಟ್ಟಿದ್ದರೆ, ಬಡ ಸ್ತ್ರೀಯು ಹಾವು ಇರಬಹುದಾದ ಬಿಲಕ್ಕೆ ಕೈ ಹಾಕಬೇಕಾಗುತ್ತಿತ್ತೋ? ಮನುಷ್ಯನ ಬಾಗಲು ಮುಚ್ಚಿರುವಲ್ಲಿ ದಿಕ್ಕಿಲ್ಲದವರು ಹೆಗ್ಗಣದ ಬಾಗಲನ್ನು ತೆರೆಯಬೇಕಾಗುತ್ತದೆ. ಇದು ಹೆಗ್ಗಣಕ್ಕೆ ನಾಚಿಕೆಯಲ್ಲ, ಮನುಷ್ಯನಿಗೆ ನಾಚಿಕೆ.

ಮೂರನೆಯದಾಗಿ, ಕೊಡುವದಕ್ಕೆ ಕಣಜವು ಬೇಕೆಂಬ ಮಾತು ನಿಜವಲ್ಲ. ತನ್ನಲ್ಲಿ ಏನೂ ಇಲ್ಲವೆಂದು ನಿಟ್ಟುಸಿರು ಬಿಡುವ ಸಹೋದರನೇ, ಇಲ್ಲಿ ಕಿವಿಗೊಡು. ಇರುಳುದೀಪಕ್ಕೆ ಇರುವದು ಒಂದೇ ಕೋಣೆ. ಆ ಒಂದೇ ಕೋಣೆಯಲ್ಲಿ ಅದು ಅತಿಥಿಗಳಿಗೆ ಸ್ಥಳ ಮಾಡಿದೆ; ಆ ಒಂದೇ ಕೋಣೆಯಲ್ಲಿ ದೀಪವನ್ನೂ ಇಟ್ಟುಕೊಂಡಿದೆ. ಅದರ ಬೆಳಕು ಹೊರಡುವದು ಯಾವಾಗ? ಪೆಟ್ಟು ಬಿದ್ದಾಗಲೇ. ಕಡಲು ಸುಮ್ಮಗಿರುವ ರಾತ್ರಿಯಲ್ಲಿ ಅದು ಇದ್ದರೂ ಇಲ್ಲದಂತೆಯೇ. ತೆರೆಯು ಎದ್ದು ಅದನ್ನು ಅಪ್ಪಳಿಸಿದಾಗ ಅದು ಇದೆಯೆಂದು ಎಲ್ಲರಿಗೂ ತಿಳಿಯುತ್ತದೆ. ಹೆಗ್ಗಣಕ್ಕೆ ಪೆಟ್ಟು ಬಿದ್ದರೆ ಗುರುಗುಟ್ಟುತ್ತದೆ, ಇರುಳುದೀಪಕ್ಕೆ ಪೆಟ್ಟು ಬಿದ್ದರೆ ಹೊಳೆಯುತ್ತದೆ. ನಮಗೆ ಪೆಟ್ಟು ಬಿದ್ದಾಗ ನಮ್ಮಿಂದ ಹೊರಡುವದು ಯಾವದು?

ಆ ಬೆಳಕಿನ ಪ್ರಯೋಜನವನ್ನು ಕುರಿತು ವಿದ್ವಾಂಸರು ಹೇಳುವದು ಸಹ ಕೇಳತಕ್ಕದ್ದು. ಸಿಗಡಿಯ ಜಾತಿಗೆ ಸೇರಿದ ಅತಿ ಚಿಕ್ಕ ಪ್ರಾಣಿಗಳು ಇಂಥ ಜೀವಿಗಳನ್ನು ತಿನ್ನುವದಕ್ಕೆ ಬರುತ್ತವೆ. ಮುಟ್ಟಿದೊಡನೆ ಬೆಳಕು ಹೊಳೆದು ಅವುಗಳನ್ನು ಬೆದರಿಸುತ್ತದೆ. ಅಲ್ಲದೆ ಆ ಬೆಳಕಿನಲ್ಲಿ ತಿನ್ನಬಂದದ್ದು ದೊಡ್ಡ ಮೀನಿನ ಕಣ್ಣಿಗೆ ಬಿದ್ದು ತಾನೇ ಆಹಾರವಾಗುತ್ತದೆ. ಕಳ್ಳನು ಬಂದಾಗ ಒಬ್ಬನು ಕೂಗಿಕೊಂಡರೆ ಇಡೀ ಕೇರಿಯು ಎಚ್ಚರಗೊಳ್ಳುವ ಹಾಗೆ ಇದು. ಕೂಗಿಕೊಂಡವನಿಗೆ ಪೆಟ್ಟಾಗಬಹುದು, ಆದರೆ ನೆರೆಯವರು ಉಳಿಯುತ್ತಾರೆ. ಒಂದು ಸೆಕೆಂಡಿನ ಹತ್ತನೆಯ ಪಾಲೂ ನಿಲ್ಲದ ಬೆಳಕಿನಿಂದ ಏನಾದೀತು ಎಂದು ನೀನು ಕೇಳಬಹುದು. ಒಂದರಿಂದ ಏನೂ ಆಗಲಿಕ್ಕಿಲ್ಲ. ಹನಿಹನಿ ಕೂಡಿದರೆ ಹಳ್ಳವಾಗುವದು. ಮೈಲುಗಟ್ಟಲೆ ಉದ್ದದ ತೀರವು ಹೊಳೆದದ್ದು ಇಂಥ ಕಿಡಿಗಳಿಂದಲೇ ಹೊರತು ಯಾವದೊಂದು ದೊಡ್ಡ ದೀವಟಿಗೆಯಿಂದಲೂ ಅಲ್ಲ.

ಕಡಲು ಹೀಗೆ ಹೊಳೆದ ಅದೇ ೨೦೨೦ನೆಯ ವರುಷದಲ್ಲಿ ನಮ್ಮ ದೇಶದ ಮೇಲೆ ಎಂಥ ತೆರೆಯು ಅಪ್ಪಳಿಸಿತೆಂಬದನ್ನು ನೀವು ಮರೆತಿಲ್ಲ. ಮಾರ್ಚ್ ತಿಂಗಳ ಕೊನೆಯಲ್ಲಿ ಕೊರೋನಾ ರೋಗದ ನಿಮಿತ್ತ ಎಲ್ಲಾ ಕೆಲಸಗಳೂ ನಿಂತುಹೋದವು. ಪಟ್ಟಣಗಳಲ್ಲಿ ಕೂಲಿ ಮಾಡುತ್ತಿದ್ದವರು ಹೆಂಡರು ಮಕ್ಕಳನ್ನು ಕರಕೊಂಡು, ಗಂಟುಮೂಟೆಗಳನ್ನು ಹೊತ್ತುಕೊಂಡು, ನೂರಾರು ಮೈಲು ನಡೆದು ತಮ್ಮ ಊರುಗಳಿಗೆ ಹೊರಟರು. ಕೆಲವು ಊರುಗಳ ಜನರು ರೋಗದ ಭಯದಿಂದ ದಾರಿಗೆ ಮುಳ್ಳು ಹಾಕಿ, ಮರ ಕಡಿದು ಅಡ್ಡಗಟ್ಟಿದರು. ಭಯವು ಸಹಜವಾದದ್ದೇ, ರೋಗವು ಸಹ ನಿಜವಾಗಿತ್ತು. ಆದರೆ ಭಯದಲ್ಲಿಯೂ ಎರಡು ದಾರಿಗಳಿದ್ದವು. ಊರ ಹೊರಗಿನ ಶಾಲೆಯನ್ನು ತೆರೆದು, ಬಂದವರನ್ನು ಅಲ್ಲಿ ಇಳಿಸಿ, ದೂರದಿಂದಲೇ ಆದರೂ ಅನ್ನ ನೀರುಗಳನ್ನು ಮುಟ್ಟಿಸಿದವರು ಇದ್ದರು. ದಾರಿಯ ಬದಿಯಲ್ಲಿ ಮಜ್ಜಿಗೆಯ ಪಾತ್ರೆ ಇಟ್ಟುಕೊಂಡು ನಿಂತವರೂ ಇದ್ದರು. ಅವರಲ್ಲಿ ಹೆಚ್ಚಿನವರು ಐಶ್ವರ್ಯವಂತರಲ್ಲ. ಅವರಿಗೂ ಪೆಟ್ಟು ಬಿದ್ದಿತ್ತು, ಅವರ ಕೂಲಿಯೂ ನಿಂತಿತ್ತು. ಆದರೂ ಅವರಿಂದ ಬೆಳಕು ಹೊರಟಿತು. ಆ ಕಾಲದಲ್ಲಿ ನಮ್ಮ ಬಾಗಲು ತೆರೆದಿತ್ತೋ ಮುಚ್ಚಿತ್ತೋ ಎಂಬದನ್ನು ಒಬ್ಬೊಬ್ಬನು ತನ್ನ ಮನಸ್ಸಾಕ್ಷಿಯನ್ನೇ ಕೇಳಿಕೊಳ್ಳಲಿ.

ನಾಲ್ಕನೆಯದಾಗಿ, ಯಾವದೂ ಅಳತೆಯನ್ನು ಮೀರಬಾರದು. ಹೆಗ್ಗಣಗಳು ಮಿತಿ ಮೀರಿ ಹೆಚ್ಚಿದರೆ ಬದುಗಳು ತೂತಾಗಿ ಗದ್ದೆಯ ನೀರು ಸೋರಿಹೋಗುವದೂ ಬೆಳೆಯು ಹಾಳಾಗುವದೂ ನಿಮಗೆ ಗೊತ್ತೇ ಇದೆ. ಇರುಳುದೀಪಗಳೂ ಹಾಗೆಯೇ. ಈ ಶತಮಾನದ ಆರಂಭದಿಂದ ಅರಬಿ ಸಮುದ್ರದ ಉತ್ತರಭಾಗದಲ್ಲಿ ಚಳಿಗಾಲದ ದಿವಸಗಳಲ್ಲಿ ಅವು ಲೆಕ್ಕವಿಲ್ಲದೆ ಹೆಚ್ಚಿ, ನೀರನ್ನು ಹಸುರು ಗಂಜಿಯ ಹಾಗೆ ಮಾಡುತ್ತಿವೆ. ಹೆಲ್ಗಾ ಗೋಮ್ಸ್, ಜೋಕಿಂ ಗೋಯಸ್ ಎಂಬ ವಿದ್ವಾಂಸರೂ ಅವರ ಜೊತೆಯವರೂ ಇದನ್ನು ಪರೀಕ್ಷಿಸಿದರು. ಕಡಲಿನ ನೀರಿನಲ್ಲಿ ಪ್ರಾಣವಾಯುವು ಕಡಿಮೆಯಾಗುವದಕ್ಕೂ ಈ ಹೆಚ್ಚಳಕ್ಕೂ ಸಂಬಂಧವುಂಟೆಂದು ೨೦೧೪ರಲ್ಲಿ ತಿಳಿಸಿದರು; ಹಿಮಾಲಯದ ಮತ್ತು ಟಿಬೆಟಿನ ಹಿಮವು ಕಡಿಮೆಯಾಗುತ್ತಾ ಬಂದದ್ದು ಇದಕ್ಕೆ ಸಹಾಯವಾಯಿತೆಂದು ೨೦೨೦ರಲ್ಲಿ ತಿಳಿಸಿದರು. ಹಿಮವು ಕರಗಿ ಭೂಮಿಯು ಬಿಸಿಯೇರುವಾಗ ಕಡಲಿನ ಮೇಲೆ ಬೀಸುವ ಚಳಿಗಾಲದ ಗಾಳಿಯ ತಂಪೂ ಬಲವೂ ಕುಂದುತ್ತವೆ. ಆಗ ಅಡಿಯ ನೀರು ಮೇಲಕ್ಕೆ ಬಾರದೆ, ಮೀನುಗಳಿಗೆ ಮೂಲಾಹಾರವಾದ ಬೇರೆ ಸೂಕ್ಷ್ಮ ಜೀವಿಗಳು ಕುಗ್ಗಿ, ತನ್ನೊಳಗೆ ಅತಿಥಿಗಳ ಆಹಾರವುಳ್ಳ ಇರುಳುದೀಪವೇ ಮೇಲುಗೈಯಾಗುತ್ತದೆ. ಅದನ್ನು ತಿನ್ನುವ ಮೀನುಗಳು ಕಡಿಮೆಯಾದದರಿಂದ ಮೀನುಗಾರರ ಜೀವನಕ್ಕೂ ಧಕ್ಕೆ ಬರಬಹುದು.

ಇದರಲ್ಲಿಯೂ ನಮಗೆ ಒಂದು ಎಚ್ಚರಿಕೆ ಉಂಟು. ಕಡಲು ಹೊಳೆಯುವದನ್ನು ನೋಡಿ ಕೈ ತಟ್ಟಿದವರಲ್ಲಿ, ಈ ಬೆಳಕು ಕಡಲಿನ ಸೌಖ್ಯದ ಗುರುತೋ ಅದರ ವ್ಯಾಧಿಯ ಗುರುತೋ ಎಂದು ವಿಚಾರಿಸಿದವರು ಎಷ್ಟು ಮಂದಿ? ಸಭೆಯಲ್ಲಿಯೂ ಹೊಳೆಯುವದೆಲ್ಲಾ ಸೌಖ್ಯವಲ್ಲ. ದೊಡ್ಡ ಪೆಂಡಾಲು, ಗಟ್ಟಿಯಾದ ವಾದ್ಯ, ಹೆಸರು ಕೊರೆದ ಕಲ್ಲು, ಇವೆಲ್ಲಾ ಹೊಳೆಯಬಹುದು; ಅದರ ಕೆಳಗೆ ನೆರೆಯವನಿಗೆ ಉಸಿರು ಕಟ್ಟುತ್ತಿದ್ದರೆ ಆ ಹೊಳಪಿನಿಂದ ಏನು ಫಲ? ಇಸ್ರಾಯೇಲ್ಯರು ಅರಣ್ಯದಲ್ಲಿ ಮನ್ನವನ್ನು ಕೂಡಿಸಿದಾಗ ಒಬ್ಬೊಬ್ಬನಿಗೆ ಅವನ ಹೊಟ್ಟೆಯ ಅಳತೆಗೆ ತಕ್ಕಷ್ಟು ಸಿಕ್ಕಿತು; ಅಪ್ಪಣೆಯನ್ನು ಮೀರಿ ಮರುದಿನಕ್ಕೆ ಇಟ್ಟುಕೊಂಡವರದು ಹುಳ ಬಿದ್ದು ನಾರಿತು. ಬಿಲದ ಕಣಜಕ್ಕೂ ಅಳತೆ ಬೇಕು, ಕಡಲಿನ ಕಿಡಿಗೂ ಅಳತೆ ಬೇಕು.

ಹಾಗಾದರೆ ನಾವು ಮಾಡತಕ್ಕದ್ದೇನು? ಹೆಗ್ಗಣಕ್ಕೆ ತನ್ನ ಬಾಗಲನ್ನು ಮುಚ್ಚದೆ ಇರುವ ಶಕ್ತಿ ಇಲ್ಲ. ಇರುಳುದೀಪಕ್ಕೆ ಪೆಟ್ಟು ಬಿದ್ದಾಗ ಹೊಳೆಯದೆ ಇರುವ ಶಕ್ತಿ ಇಲ್ಲ. ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಶಕ್ತಿಯು ಮನುಷ್ಯನಿಗೆ ಮಾತ್ರ ಕೊಡಲ್ಪಟ್ಟಿದೆ. ಆದದರಿಂದ ಲೆಕ್ಕ ಒಪ್ಪಿಸಬೇಕಾದವನೂ ಮನುಷ್ಯನೇ.

ಈ ಸುಗ್ಗಿಯಲ್ಲಿ ಗದ್ದೆಯುಳ್ಳವನು ತನ್ನ ಕಣಜವನ್ನು ತುಂಬಿಸಲಿ, ಬೀಜಕ್ಕೂ ಮಕ್ಕಳ ಊಟಕ್ಕೂ ಸಾಲ ತೀರಿಸುವದಕ್ಕೂ ಬೇಕಾದದ್ದನ್ನು ಇಟ್ಟುಕೊಳ್ಳಲಿ, ಅದು ವಿವೇಕವೇ. ಆದರೆ ಬಾಗಲು ಮುಚ್ಚುವ ಮೊದಲು, ಕೇರಿಯಲ್ಲಿ ಈ ವರುಷ ಗಂಡನನ್ನು ಕಳಕೊಂಡವಳು ಯಾರು, ಹೊಲಕ್ಕೆ ಬೆಂಕಿರೋಗ ಬಿದ್ದವನು ಯಾರು, ಆಸ್ಪತ್ರೆಯ ಸಾಲದಲ್ಲಿ ಸಿಕ್ಕಿದವನು ಯಾರು ಎಂದು ಒಂದು ಸಾರಿ ನೋಡಲಿ. ಅವರು ಬಂದು ಕೇಳುವ ತನಕ ಕಾಯುವದು ಬೇಡ. ಕೇಳುವ ನಾಚಿಕೆಯು ಹಸಿವೆಗಿಂತ ಕಠಿಣವಾದದ್ದು. ಗದ್ದೆಯಿಲ್ಲದವನು, ನನ್ನಲ್ಲಿ ಏನಿದೆ ಎಂದು ಕೂತುಕೊಳ್ಳದೆ, ತನ್ನ ಒಂದೇ ಕೋಣೆಯಲ್ಲಿ ಒಬ್ಬನಿಗೆ ಸ್ಥಳ ಮಾಡಲಿ. ಅನ್ನ ಬೇಯಿಸುವಾಗ ತಾಯಂದಿರು ತೆಗೆದಿಡುವ ಹಿಡಿಯಕ್ಕಿಯನ್ನು ಯಾರೂ ಅಲ್ಪವೆಂದು ಎಣಿಸಬಾರದು. ಹಣವಿಲ್ಲದವನು ರೋಗಿಯ ಹತ್ತರ ಒಂದು ರಾತ್ರಿ ಎಚ್ಚರವಾಗಿರಲಿ. ಓದುಬರಹ ಬಲ್ಲ ಹುಡುಗನು, ಕಾಗದಪತ್ರ ಓದಲಾರದ ಅಜ್ಜನಿಗೆ ಅವನ ಪಿಂಚಣಿಯ ಅರ್ಜಿಯನ್ನು ಬರಕೊಡಲಿ.

ಇನ್ನೊಂದು ಮಾತುಂಟು. ಬದುವಿನ ಗೇಣು ನೆಲಕ್ಕಾಗಿ ವರುಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರು ಒಂದೇ ಆರಾಧನೆಗೆ ಬರುತ್ತಾರೆ, ಬೇರೆಬೇರೆ ಮೂಲೆಗಳಲ್ಲಿ ಕೂತುಕೊಳ್ಳುತ್ತಾರೆ, ಬೇರೆಬೇರೆ ಬಾಗಲುಗಳಿಂದ ಹೊರಡುತ್ತಾರೆ. ಒಂದು ಬಿಲದಲ್ಲಿ ಇನ್ನೊಂದನ್ನು ಸಹಿಸದ ಹೆಗ್ಗಣಕ್ಕೆ ಇದು ತಕ್ಕದ್ದು. ಒಂದೇ ರೊಟ್ಟಿಯನ್ನು ಮುರಿದು ಹಂಚಿಕೊಳ್ಳುವವರಿಗೆ ತಕ್ಕದ್ದಲ್ಲ. ಧಾನ್ಯದ ಕಣಜವನ್ನು ತೆರೆಯುವದಕ್ಕಿಂತ ಇಂಥ ಬಾಗಲನ್ನು ತೆರೆಯುವದು ಕಷ್ಟ. ಆದದರಿಂದಲೇ ಇದನ್ನು ಮೊದಲು ತೆರೆಯಬೇಕು. ತಮ್ಮನು ಬರಲಿ ಎಂದು ಅಣ್ಣನು ಕಾಯುವದೂ, ಅಣ್ಣನು ಕರೆಯಲಿ ಎಂದು ತಮ್ಮನು ಕಾಯುವದೂ ಸಾಕು. ಯಾವನ ಮನಸ್ಸಿಗೆ ಈ ಮಾತು ಮೊದಲು ತಾಗುವದೋ ಅವನೇ ಮೊದಲು ಎದ್ದು ಹೋಗಲಿ.

ನೆಲದಡಿಯ ಹಾದಿಗಳನ್ನೂ ಕಡಲಿನ ಒಂದೊಂದು ಕಿಡಿಯನ್ನೂ ಬಲ್ಲ ತಂದೆಯು ನಮ್ಮ ಕಣಜಗಳನ್ನು ತುಂಬಿಸಲಿ, ನಮ್ಮ ಬಾಗಲುಗಳನ್ನು ತೆರೆಯಲಿ, ತೆರೆಯು ಹೊಡೆಯುವ ರಾತ್ರಿಯಲ್ಲಿ ನಮ್ಮಿಂದ ಗುರುಗುಟ್ಟುವಿಕೆಯು ಹೊರಡದೆ ಬೆಳಕು ಹೊರಡುವ ಹಾಗೆ ಕೃಪೆ ಮಾಡಲಿ. ಆಮೆನ್.